ಮನೋರೋಗಿಗಳ ಪರಿಚರ್ಯೆ ಮತ್ತು ಅದರ ವೇತನ

ಥಾಣೆಯಲ್ಲಿ 1901ರಲ್ಲಿ ಸ್ಥಾಪಿತವಾದ ಮನೋರೋಗಿಗಳ ಆಸ್ಪತ್ರೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ; ಅದನ್ನು ಹಾಸ್ಯಕ್ಕೆ ಬಳಸುವವರೇ ಹೆಚ್ಚು. ಅಂತಹ ಆಸ್ಪತ್ರೆಗಳಲ್ಲಿ ವೈದ್ಯರು ಬರೆದುಕೊಡುವ ಔಷಧಿ ಚಿಕಿತ್ಸೆಯ ಒಂದು ಪಾಲು ಮಾತ್ರ. ರೋಗಿಗೆ ಸ್ನಾನ ಮಾಡಿಸಿ, ಉಣಿಸಿ, ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವ ಪರಿಚಾರಕರು, ಗಂಟೆಗಟ್ಟಲೆ ಕುಳಿತು ಆಲಿಸುವ ಆಪ್ತಸಮಾಲೋಚಕರು ಉಳಿದ ಪಾಲನ್ನು ಹೊರುತ್ತಾರೆ. ಇವರ ಶ್ರಮದ ಫಲ ಕ್ಷ-ಕಿರಣ ಚಿತ್ರದಲ್ಲಿ ಕಾಣುವಂಥದಲ್ಲ. ಬೆಲೆ ಕಟ್ಟುವಾಗ ಕೈ ಬಿಗಿಯಾಗುವುದು ಬಹುಶಃ ಅದಕ್ಕಾಗಿಯೇ.

ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯಲ್ಲಿಯೂ ಅನೇಕರು ಗುತ್ತಿಗೆಯ ಮೇಲಿನವರು. ಸರಕಾರದ ಹಂಗಾಮಿ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಅಕ್ಟೋಬರದಲ್ಲಿ ತೀರ್ಪಿತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ, ಆಸ್ಪತ್ರೆಯಲ್ಲಿ ಕೆಲಸ ಮಾಡಿದ ರೋಗಿಗೂ ಸೂಕ್ತ ಸಂಭಾವನೆ ಸಲ್ಲಬೇಕು. ಆರೈಕೆ ಮಾಡುವವರ ಸಂಬಳದ ಕುರಿತು ಅಂತಹ ಸ್ಪಷ್ಟ ಮಾತು ಅದರಲ್ಲಿಲ್ಲ!

ಸಂಬಳ ಸಾಲದೆ ಸಮಾಲೋಚಕಿಯೊಬ್ಬಳು ಕೆಲಸ ಬಿಟ್ಟರೆ ನಷ್ಟ ಆಕೆಗಷ್ಟೇ ಅಲ್ಲ. ಪರಭಾಷೆಯಲ್ಲಿ ದುಃಖ ತೋಡಿಕೊಳ್ಳಲಾರದ ಡೊಂಬಿವಲಿಯ ಕನ್ನಡ ಗೃಹಿಣಿಯು ಆರು ತಿಂಗಳಲ್ಲಿ ಕಷ್ಟಪಟ್ಟು ಹೇಳಿಕೊಂಡುದನ್ನೆಲ್ಲ ಹೊಸಬರ ಮುಂದೆ ಮೊದಲಿನಿಂದ ಹೇಳಬೇಕು. ಎಷ್ಟೋ ವೇಳೆ ಅಂಥವರು ಮರಳಿ ಬರುವುದೇ ಇಲ್ಲ.