ಲಿನಕ್ಸ್ ಲ್ಯಾಪ್‌ಟಾಪ್: ಪ್ರೊಸೆಸರ್ ವೇಗ ಮತ್ತು ಬ್ಯಾಟರಿಯ ಮಿತವ್ಯಯ

ವಿದ್ಯುತ್ ಕಡಿತದ ವೇಳೆ ಲ್ಯಾಪ್‌ಟಾಪಿನಲ್ಲಿಯೇ ಬಿಲ್ಲು, ದಾಸ್ತಾನು ಲೆಕ್ಕ ನಡೆಸುವ ವರ್ತಕರಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದು ವಹಿವಾಟಿನ ಪ್ರಶ್ನೆಯೇ ಆಗಿದೆ. ಪ್ರೊಸೆಸರ್ ಕೆಲಸ ಮಾಡುವಾಗ ವ್ಯಯಿಸುವ ವಿದ್ಯುತ್ತು ಅದರ ವೇಗ ಹಾಗೂ ವೋಲ್ಟೇಜಿನ ವರ್ಗ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಶೇ. 20ರಷ್ಟು, ಜೊತೆಗೆ ವೋಲ್ಟೇಜನ್ನು ಶೇ. 10ರಷ್ಟು ತಗ್ಗಿಸಿದರೆ ಈ ವ್ಯಯ ಸುಮಾರು ಶೇ. 35ರಷ್ಟು ಇಳಿಯುತ್ತದೆ.

ಹಾಗೆಂದು ವೇಗವನ್ನು ಸದಾ ಕನಿಷ್ಠ ಮಟ್ಟದಲ್ಲಿ ಕಟ್ಟಿಹಾಕುವುದು ಲಾಭದಾಯಕವಲ್ಲ. ಕೆಲಸ ಬೇಗ ಮುಗಿದರೆ ಪ್ರೊಸೆಸರ್ ವಿಶ್ರಾಂತಿ ಸ್ಥಿತಿಗೆ ಇಳಿಯುತ್ತದೆ; ನಿಧಾನವಾದರೆ ಪರದೆ, ಡಿಸ್ಕು, ಮೆಮೊರಿಗಳೂ ಅಷ್ಟು ಹೊತ್ತು ಎಚ್ಚರವಾಗಿದ್ದು ಉಳಿತಾಯವನ್ನು ನುಂಗಿಬಿಡುತ್ತವೆ.

ಈ ಹೊಂದಾಣಿಕೆಯನ್ನು ಲಿನಕ್ಸ್ ಕರ್ನಲ್‌ನ ‘ಗವರ್ನರ್’ ನೋಡಿಕೊಳ್ಳುತ್ತದೆ. 2004ರಲ್ಲಿ ಸೇರ್ಪಡೆಯಾದ ‘ಆನ್‌ಡಿಮಾಂಡ್’ ಹೊರೆಯನ್ನು ಅಳೆದು ವೇಗವನ್ನು ಏರಿಳಿಸುತ್ತದೆ. ಹೆಸರು ನೋಡಿ ಮೋಸಹೋಗಬಾರದು: ಇಂಟೆಲ್‌ನ ಈಚಿನ ಪ್ರೊಸೆಸರುಗಳ ಡ್ರೈವರಿನಲ್ಲಿ ‘ಪವರ್‌ಸೇವ್’ ಎಂದರೆ ಕನಿಷ್ಠ ವೇಗವಲ್ಲ, ಅದೂ ಹೊರೆಗೆ ತಕ್ಕಂತೆ ವೇಗ ಹೆಚ್ಚಿಸುತ್ತದೆ.

ಉಬುಂಟು, ಫೆಡೋರಾಗಳ ಸೆಟ್ಟಿಂಗ್ಸ್‌ನಲ್ಲಿ ದೊರೆಯುವ ಆಯ್ಕೆಗಳಲ್ಲಿ ದಿನನಿತ್ಯದ ಬಿಲ್ಲಿಂಗ್‌ಗೆ ‘ಬ್ಯಾಲೆನ್ಸ್ಡ್’ ಧಾರಾಳವಾಗಿ ಸಾಕು. ‘ಪರ್ಫಾರ್ಮೆನ್ಸ್’ ಏನಿದ್ದರೂ ಚಾರ್ಜರ್ ಜೋಡಿಸಿ ವರ್ಷಾಂತ್ಯದ ದೊಡ್ಡ ವರದಿ ತೆಗೆಯುವಾಗ. ಇವೆಲ್ಲಕ್ಕೂ ಮೊದಲು ಪರದೆಯ ಬೆಳಕನ್ನು ತಗ್ಗಿಸುವುದು ಒಳಿತು. ಹಗುರ ಕೆಲಸದಲ್ಲಿ ಪ್ರೊಸೆಸರಿಗಿಂತ ಪರದೆಯೇ ಹೆಚ್ಚು ವಿದ್ಯುತ್ ಸೆಳೆಯುವುದುಂಟು.