ನಮಗೆ ಕಾಣೋ ಝೆಡ್ ಡ್ರೈವ್ ಸರ್ವೀಸ್‌ಗೆ ಯಾಕೆ ಕಾಣಲ್ಲ?

ನೋಯ್ಡಾದಲ್ಲಿ ಒಂದು ರಾತ್ರಿ 2 ಗಂಟೆಗೆ ನಾನು ಬರೆದ ವಿಂಡೋಸ್ ಸರ್ವೀಸ್ ಸಂಬಳದ ಲೆಕ್ಕ ಮಾಡದೆ ನಿಂತುಬಿಡ್ತು. ಓಡಬೇಕಾದ ಪ್ರೋಗ್ರಾಮ್ ಝೆಡ್ ಡ್ರೈವ್‌ನಲ್ಲಿತ್ತು. ನಾನು ಕ್ಲಿಕ್ ಮಾಡಿದ್ರೆ ಓಡ್ತಿತ್ತು. ಸರ್ವೀಸ್‌ಗೆ ಮಾತ್ರ ಪಾತ್ ಸಿಕ್ತಿರಲಿಲ್ಲ.

ಮ್ಯಾಪ್ ಮಾಡಿದ ಡ್ರೈವ್ ನಾವು ಲಾಗಿನ್ ಆದ ಸೆಷನ್‌ಗಷ್ಟೇ ಸೇರಿದ್ದು. ಸರ್ವೀಸ್‌ನದ್ದೇ ಬೇರೆ ಸೆಷನ್. ಅದಕ್ಕೆ ಡ್ರೈವ್ ಅಕ್ಷರ ಬಿಟ್ಟು \\ಸರ್ವರ್\ಷೇರ್ ಅಂತ ಪೂರ್ತಿ ವಿಳಾಸ ಕೊಡಿ.

ಇಷ್ಟೇ ಸಾಲದು. ಡೊಮೈನ್‌ನಲ್ಲಿ ಲೋಕಲ್ ಸಿಸ್ಟಮ್ ಖಾತೆ ನೆಟ್‌ವರ್ಕ್‌ಗೆ ಹೋಗೋದು ಕಂಪ್ಯೂಟರ್ ಹೆಸರಲ್ಲಿ, ನಿಮ್ಮ ಹೆಸರಲ್ಲಲ್ಲ. ಆ ಕಂಪ್ಯೂಟರ್ ಖಾತೆಗೆ ಷೇರ್, ಫೋಲ್ಡರ್ ಎರಡರಲ್ಲೂ ಓದಿ ಓಡಿಸುವ ಅನುಮತಿ ಕೊಡಿ.

ಅವಸರದಲ್ಲಿ 'ಎವ್ರಿವನ್, ಫುಲ್ ಕಂಟ್ರೋಲ್' ಮಾತ್ರ ಕೊಡ್ಬೇಡಿ. ಅಲ್ಲಿ ಯಾರು ಆ ಫೈಲ್ ಬದಲಿಸಿದ್ರೂ ಅದು ನಿಮ್ಮ ಯಂತ್ರದಲ್ಲಿ ಸಿಸ್ಟಮ್ ಅಧಿಕಾರದಿಂದಲೇ ಓಡುತ್ತೆ.