ಬಿಸಿಲಿಗೆ ಕೆಟ್ಟ ಚರ್ಮ: ಕಲೆ ಚಿಕ್ಕದು, ಕಷ್ಟ ದೊಡ್ಡದು

ಕಳೆದ ಬೇಸಿಗೆಯಲ್ಲಿ ಸಹೋದರರೊಬ್ಬರು ಕ್ಲಿನಿಕ್‌ಗೆ ಬಂದಿದ್ದರು. ವಯಸ್ಸು 38. ಸಂತೆಯಲ್ಲಿ ಬಟ್ಟೆ ವ್ಯಾಪಾರ. ಹುಟ್ಟಿನಿಂದಲೇ ಮೈ, ಕೂದಲು, ಹುಬ್ಬು ಎಲ್ಲವೂ ಬಿಳಿ. ಇದಕ್ಕೆ ಆಲ್ಬಿನಿಸಂ ಎನ್ನುತ್ತಾರೆ. ಇದು ತೊನ್ನಲ್ಲ, ಅಂಟುವ ಕಾಯಿಲೆಯೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ದೇಹದಲ್ಲಿ ತಯಾರಾಗುವುದಿಲ್ಲ ಅಥವಾ ತೀರಾ ಕಡಿಮೆ ತಯಾರಾಗುತ್ತದೆ, ಅಷ್ಟೇ.

ಮೂಗಿನ ಮೇಲಿನ ಒಂದು ಒರಟು ಹಕ್ಕಳೆಗೆ ಮುಲಾಮು ಕೇಳಲು ಅವರು ಬಂದಿದ್ದರು. "ಕಿತ್ತರೆ ಹೋಗುತ್ತದೆ ಹಕೀಮ್ ಸಾಹೇಬರೇ, ಹದಿನೈದು ದಿನದಲ್ಲಿ ಮತ್ತೆ ಬರುತ್ತದೆ" ಎಂದರು. ಕಿವಿಯ ಅಂಚಿನಲ್ಲೂ ಕೆಳತುಟಿಯಲ್ಲೂ ಅಂಥವೇ ಇದ್ದವು. ಇವು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತವೆ, ಮುಟ್ಟಿದರೆ ಸ್ಯಾಂಡ್ ಪೇಪರಿನಂತೆ.

ಹೆಸರು ಆಕ್ಟಿನಿಕ್ ಕೆರಟೋಸಿಸ್. ವರ್ಷಗಟ್ಟಲೆ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಬಿದ್ದು ಚರ್ಮದ ಮೇಲ್ಪದರದ ಕೋಶಗಳು ಕೆಟ್ಟಾಗ ಬರುತ್ತದೆ. ಆಸ್ಟ್ರೇಲಿಯಾದ ಬಿಳಿಯರಲ್ಲಿ ಬಹಳ ಸಾಮಾನ್ಯ. ಕಂದು ಮೈಬಣ್ಣದ ನಮ್ಮಲ್ಲಿ ಅಪರೂಪ. ಆದರೆ ಆಲ್ಬಿನಿಸಂ ಇರುವವರಿಗೆ ಆ ಬಣ್ಣದ ರಕ್ಷಣೆ ಇಲ್ಲ, ಹಾಗಾಗಿ ಹರೆಯದಲ್ಲೇ ಕಾಣಿಸಬಹುದು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ತೊಂದರೆ ಇರುವುದು ಅಲ್ಲಿ.

ನೋವಿಲ್ಲದ ಕಾರಣ ಮನೆಯವರು ಇದನ್ನು ಕಾಯಿಲೆ ಎಂದೇ ಎಣಿಸುವುದಿಲ್ಲ. ಚರ್ಮರೋಗ ಬದುಕನ್ನು ಎಷ್ಟು ಕಾಡುತ್ತದೆ ಎಂದು ಅಳೆಯಲು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1994ರಲ್ಲಿ 10 ಪ್ರಶ್ನೆಗಳ ಪಟ್ಟಿಯೊಂದು ಸಿದ್ಧವಾಯಿತು. ಕಳೆದ ವಾರ ತುರಿಕೆ, ನೋವು ಇತ್ತೇ? ಸಂಕೋಚವಾಯಿತೇ? ಕೆಲಸಕ್ಕೆ ಅಡ್ಡಿಯಾಯಿತೇ? ಇಂಥ ಪ್ರಶ್ನೆಗಳು. ಇವನ್ನೇ ಮಾತಿನ ನಡುವೆ ಕೇಳುತ್ತಾ ಹೋದೆ. ತುರಿಕೆ ಸ್ವಲ್ಪ. ಉಳಿದದ್ದು ಸ್ವಲ್ಪವಲ್ಲ. ಬಿಸಿಲಿಗೆ ಹೆದರಿ ಅಸರ್ ನಂತರವೇ ಅಂಗಡಿ ಹಾಕುತ್ತಾರೆ, ಅರ್ಧ ವ್ಯಾಪಾರ ಹೋಗಿದೆ. ಮಸೀದಿಯಲ್ಲಿ ಕೊನೆಯ ಸಫ್‌ನಲ್ಲಿ ನಿಂತು, ಸಲಾಂ ಹೇಳಿದ ಕೂಡಲೇ ಎದ್ದು ಹೋಗುತ್ತಾರೆ. ಕಾರಣ, ಯಾರೋ ಒಮ್ಮೆ "ಇದು ಅಂಟುತ್ತದಾ?" ಎಂದು ಕೇಳಿದ್ದರು. ಆಲ್ಬಿನಿಸಂನಲ್ಲಿ ದೃಷ್ಟಿಯೂ ಮಂದ. ಆದ್ದರಿಂದ ರಾತ್ರಿ ಕನ್ನಡಿಗೆ ಮುಖ ಅಂಟಿಸಿ, ಬೆರಳಲ್ಲಿ ಒಂದೊಂದನ್ನೂ ಮುಟ್ಟಿ ನೋಡುತ್ತಾರೆ. ಕ್ಯಾನ್ಸರ್ ಇರಬಹುದೆಂಬ ಭಯವನ್ನು ಪತ್ನಿಗೂ ಹೇಳಿರಲಿಲ್ಲ.

ನಾನು ಯೂನಾನಿ ವೈದ್ಯ. ನನ್ನ ಕಪಾಟಿನ ಯಾವ ಮರ್ಹಮ್ ಕೂಡ ಇದಕ್ಕೆ ಮದ್ದಲ್ಲ. ಅವರನ್ನು ಚರ್ಮತಜ್ಞರ ಬಳಿಗೆ ಕಳುಹಿಸಿದೆ. ಸುಣ್ಣವನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಹಚ್ಚಿ ಸುಡುವ ಸಾಹಸ ಯಾರೂ ಮಾಡಬೇಡಿ. ಒಂದೆರಡು ಕಲೆಗಳಿದ್ದರೆ ದ್ರವ ಸಾರಜನಕದಿಂದ ತಣಿಸಿ ತೆಗೆಯುತ್ತಾರೆ. ಹೆಚ್ಚಿದ್ದರೆ ಫ್ಲೂರೋಯುರಾಸಿಲ್ ಕ್ರೀಂ, ಸಾಮಾನ್ಯವಾಗಿ 2ರಿಂದ 4 ವಾರ. ಆಗ ಮುಖ ಕೆಂಪೇರಿ, ಉರಿದು, ಹಕ್ಕಳೆ ಕಟ್ಟುತ್ತದೆ. ಕೆಟ್ಟ ಕೋಶಗಳು ಸಾಯುವ ಲಕ್ಷಣ ಅದು. ಮದ್ದು ಆಗಿಬರಲಿಲ್ಲ ಎಂದು ಅರ್ಧಕ್ಕೆ ಬಿಡುವವರು ಇದ್ದಾರೆ. ಉರಿ ಮಿತಿಮೀರಿದರೆ ವೈದ್ಯರಿಗೇ ತಿಳಿಸಬೇಕು. ಮನೆಯಲ್ಲಿ ಮದುವೆಯೋ ಈದೋ ಹತ್ತಿರವಿದ್ದರೆ ಅದನ್ನೂ ಹೇಳಿ, ಅವರು ದಿನ ಹೊಂದಿಸಿಕೊಡುತ್ತಾರೆ. ಆದರೆ ಕಲೆ ಬೇಗ ಬೆಳೆದರೆ, ಗಟ್ಟಿಯಾಗಿ ನೋಯತೊಡಗಿದರೆ, ರಕ್ತ ಬಂದರೆ, ಹುಣ್ಣು ಮಾಯದಿದ್ದರೆ ಅದೇ ವಾರ ಹೋಗಬೇಕು.

ನಮ್ಮ ಬಿಳಿ ಟೋಪಿ ತಲೆಯನ್ನಷ್ಟೇ ಮುಚ್ಚುತ್ತದೆ. ಕಿವಿ, ಮೂಗು, ತುಟಿಗೆ ನೆರಳಿಲ್ಲ. ಹೊರಗೆ ಅಗಲ ಅಂಚಿನ ಟೋಪಿ ಬೇಕು, ತುಂಬುತೋಳು ಬೇಕು, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಲ್ಲದ ಸನ್‌ಸ್ಕ್ರೀನ್ ಬೇಕು. ಕ್ರೀಂ ಹಚ್ಚಿದರೆ ವುಝೂ ಸರಿಯಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಆ ವಿಧಿಯನ್ನು ಆಲಿಮರು ಹೇಳಬೇಕು. ನನ್ನ ಸಲಹೆ ಇಷ್ಟೇ: ಬಿಸಿಲಲ್ಲಿದ್ದರೆ ಅದನ್ನು ಹೇಗೂ 2 ಗಂಟೆಗೊಮ್ಮೆ ಹಚ್ಚಲೇಬೇಕು. ಝುಹರ್‌ಗೆ ಮುಖ ತೊಳೆದು ವುಝೂ ಮಾಡಿ, ಒರೆಸಿಕೊಂಡು, ಹೊಸದಾಗಿ ಹಚ್ಚಿಕೊಳ್ಳಿ. ಉಮ್ರಾಕ್ಕೆ ಹೊರಟವರು ಸುವಾಸನೆ ಇಲ್ಲದ ಕ್ರೀಂ ಒಯ್ಯಿರಿ. ಇಹ್ರಾಮಿನಲ್ಲಿ ಪುರುಷರು ತಲೆಗೆ ಬಟ್ಟೆ ಹಾಕುವಂತಿಲ್ಲ, ಕೊಡೆ ಹಿಡಿಯಬಹುದು.

ತಿಂಗಳಿಗೊಮ್ಮೆ ಕಿವಿಯ ಹಿಂಬದಿ, ಕತ್ತು, ನೆತ್ತಿಯನ್ನು ಮನೆಯವರೇ ಬೆಳಕಿನಲ್ಲಿ ಬೆರಳಾಡಿಸಿ ನೋಡಬೇಕು. ಆ ಸಹೋದರರ ಮನೆಯಲ್ಲಿ ಈಗ ಈ ಕೆಲಸ ಪತ್ನಿಯದು. ರಾತ್ರಿ ಕನ್ನಡಿ ಮುಂದೆ ನಿಲ್ಲುವುದನ್ನು ಅವರು ಬಿಟ್ಟಿದ್ದಾರೆ.